ಕೊಯ್ದ ರೊಟ್ಟಿ, ಮುರಿದ ರೊಟ್ಟಿ

ಈ ಮನೆಯಲ್ಲಿ ಎರಡು ಒಲೆಗಳಿವೆ. ಒಂದು ನನ್ನದು, ಇನ್ನೊಂದು ಅಂಬಕ್ಕನವರದು. ನಾವಿಬ್ಬರೂ ಬೆಳಗಾವಿಯ ಒಂದೇ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತೇವೆ. ಮಳೆ ಬಂದ ದಿನ ಒಂದೇ ಕೊಡೆಯ ಕೆಳಗೆ ನಡೆದು ಹೋಗುತ್ತೇವೆ. ಸಂಜೆ ಒಂದೇ ಕಂದೀಲಿನ ಬೆಳಕಿನಲ್ಲಿ ಹುಡುಗಿಯರ ನಿಬಂಧಗಳನ್ನು ತಿದ್ದುತ್ತೇವೆ. ಅಡಿಗೆ ಮಾತ್ರ ಬೇರೆ. ಅವರು ಧಾರವಾಡದ ವೈದಿಕ ಮನೆತನದವರು, ನಾನು ಪಾದ್ರಿಯ ಮಗಳು. ಈ ಏರ್ಪಾಟನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿದ್ದಲ್ಲ. ಮನೆ ಹಿಡಿದ ದಿನ ಅವರು ಗೋಡೆಯ ಆಚೆಗೆ ಒಲೆ ಹೂಡಿದರು, ನಾನು ಈಚೆಗೆ ಹೂಡಿದೆ. ನಡುವೆ ಬಾಗಿಲಿಲ್ಲದ ಒಂದು ಹೊಸ್ತಿಲಿದೆ. ಅದನ್ನು ನಾವಿಬ್ಬರೂ ಬಹಳ ಸಭ್ಯತೆಯಿಂದ ದಾಟದೆ ಇದ್ದೇವೆ.

ಇಂದು ಬೆಳಿಗ್ಗೆ ನನ್ನ ವಿದ್ಯಾರ್ಥಿನಿಯೊಬ್ಬಳು ಕ್ಯಾಂಪಿನ ಬೇಕರಿ ಭಟ್ಟಿಯಿಂದ ಒಂದು ಡಬಲ್‌ರೊಟ್ಟಿ ತಂದುಕೊಟ್ಟು ಹೋದಳು. ಸುತ್ತಿದ ಹಳೆಯ ಪತ್ರಿಕೆಯನ್ನು ಬಿಚ್ಚಿದೊಡನೆ ಅದರ ಹುಳಿ ವಾಸನೆ ಎರಡೂ ಅಡಿಗೆಮನೆಗಳಲ್ಲಿ ಹರಡಿತು. ವಾಸನೆಗೆ ಹೊಸ್ತಿಲು ಗೊತ್ತಿಲ್ಲ.

“ಏನ್ರಿ ಬಾಯಾರ, ಹಿಟ್ಟು ಹಳಸಿದಂಗ ವಾಸನಿ?” ಎಂದು ಅಂಬಕ್ಕನವರು ಆಚೆಯಿಂದ ಕೇಳಿದರು.

“ಡಬಲ್‌ರೊಟ್ಟಿರಿ. ಒಬ್ಬ ಹುಡುಗಿ ಕೊಟ್ಟು ಹೋದ್ಲು.”

ಅವರು ಹೊಸ್ತಿಲ ತನಕ ಬಂದು ನಿಂತು ನೋಡಿದರು. ಸೆರಗನ್ನು ಮೂಗಿಗೆ ಹಿಡಿಯಲಿಲ್ಲ; ಅಷ್ಟು ದಾಕ್ಷಿಣ್ಯ ಅವರಲ್ಲಿದೆ. “ನಿಮ್ಮ ಪ್ರಾರ್ಥನಾ ಮಂದಿರದೊಳಗ ಇದನ್ನ ಪ್ರಸಾದದಂಗ ಕೊಡತಾರಂತ, ಖರೇ ಏನ್ರಿ? ಏನಂತ ಕೊಡತಾರ?”

“ಹಂಗೇನಿಲ್ಲರಿ,” ಎಂದೆ ನಾನು.

ಅದು ಸುಳ್ಳಲ್ಲ, ನಿಜವೂ ಅಲ್ಲ. ತರ್ಕಶಾಸ್ತ್ರವನ್ನು ಓದಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದವಳ ಬಾಯಿಂದ ಬಂದ ಉತ್ತರ ಅದು ಎಂದು ನನಗೇ ನಾಚಿಕೆಯಾಯಿತು. ಅವರು “ಹೌದೇನ್ರಿ” ಎಂದು ಒಳಗೆ ಹೋದರು. ನಾನು ಆ ರೊಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತೆ. ನಿಮಗಾದರೆ ಹೇಳಬಲ್ಲೆ. ನೀವು ಪಕ್ಕದ ಒಲೆಯವರಲ್ಲ.

ಬೇರೆಯವರಿಗೆ ಈ ವಾಸನೆ ಎಂದರೆ ಚಹಾ ನೆನಪಾಗುತ್ತದೇನೋ. ನನಗೆ ಬೈಲಹೊಂಗಲದ ಶನಿವಾರದ ಸಂಜೆ ನೆನಪಾಗುತ್ತದೆ. ಅಪ್ಪ ಅಲ್ಲಿಯ ಪುಟ್ಟ ಕ್ರೈಸ್ತ ಸಭೆಗೆ ಪಾದ್ರಿಯಾಗಿದ್ದ ಕಾಲ. ನಾನು ಇನ್ನೂ ಅವ್ವನ ಸೆರಗು ಹಿಡಿದು ತಿರುಗುತ್ತಿದ್ದೆ. ಹತ್ತಿ ಬಿಡಿಸುವ ಯಂತ್ರದ ಹಿಂದೆ, ಎರೆಹೊಲಗಳು ಶುರುವಾಗುವಲ್ಲಿ, ಹೆಂಚು ಹೊದಿಸಿದ ಉದ್ದನೆಯ ಪ್ರಾರ್ಥನಾ ಮನೆ. ಅದರ ಮಗ್ಗುಲಿಗೆ ನಮ್ಮ ಮನೆ. ಸುಗ್ಗಿಯಲ್ಲಿ ಅರಳೆಯ ನಾರು ಗಾಳಿಯಲ್ಲಿ ಹಾರಿಬಂದು ಅಪ್ಪನ ಕರಿ ನಿಲುವಂಗಿಗೆ ಅಂಟಿಕೊಳ್ಳುತ್ತಿತ್ತು. ಭಾನುವಾರದ ಪ್ರಸಂಗದ ನಡುವೆ ಅವರು ಅದನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಿದ್ದರು. ಪಾಪಗಳನ್ನು ಹೀಗೆಯೇ ತೆಗೆಯಬೇಕು ಎಂದು ಅವರು ಮಾಡಿ ತೋರಿಸುತ್ತಾರೆಂದು ನಾನು ಬಹಳ ದಿನ ತಿಳಿದಿದ್ದೆ.

ಅಪ್ಪ ವಾರದಲ್ಲಿ ಮನೆಯಲ್ಲಿದ್ದುದಕ್ಕಿಂತ ದಾರಿಯಲ್ಲಿದ್ದುದೇ ಹೆಚ್ಚು. ಒಮ್ಮೆ ಸಂಗೊಳ್ಳಿಯ ಕಡೆಯಿಂದ ಕಿತ್ತೂರಿಗೆ, ಇನ್ನೊಮ್ಮೆ ಮುರಗೋಡದ ಮೇಲೆ ಸವದತ್ತಿಗೆ. ಸಿಕ್ಕರೆ ಚಕ್ಕಡಿ, ಇಲ್ಲದಿದ್ದರೆ ಕಾಲು. ಬಗಲಲ್ಲಿ ಪುಸ್ತಕದ ಚೀಲ, ತಲೆಯ ಮೇಲೆ ಬಣ್ಣ ಹೋದ ಛತ್ರಿ. ಅವರಿಗೊಂದು ರೂಢಿಯಿತ್ತು. ಊರಿಗೆ ಕಾಲಿಟ್ಟಾಗ ಮೊದಲು ಯಾವ ಮನೆಯವರು “ಬರ್ರಿ, ಕುಂದರ್ರಿ” ಅನ್ನುತ್ತಾರೋ ಆ ಮನೆಯಲ್ಲಿಯೇ ನೀರು ಕುಡಿಯುವುದು. ಆ ಮನೆ ಊರೊಳಗಿದ್ದರೂ ಸರಿ, ಊರ ಹೊರಗಿದ್ದರೂ ಸರಿ. ಊರೊಳಗಿನವರು ಪಾದ್ರಿಯನ್ನು ಕರೆಯಲು ಯೋಚಿಸುತ್ತಿದ್ದರು, ಹೊರಗಿನವರು ಯೋಚಿಸುತ್ತಿರಲಿಲ್ಲ. ಆದ್ದರಿಂದ ಅಪ್ಪನ ನೀರಡಿಕೆ ಸಾಮಾನ್ಯವಾಗಿ ಊರ ಹೊರಗೇ ತೀರುತ್ತಿತ್ತು.

ಕರ್ತನ ಭೋಜನ ಎಂದರೆ ಏನೆಂದು ಎಲ್ಲರಿಗೂ ಗೊತ್ತಿರಲಾರದು. ತನ್ನನ್ನು ಹಿಡಿದುಕೊಟ್ಟ ದಿನ ಯೇಸು ಶಿಷ್ಯರ ಜೊತೆ ಕುಳಿತು ರೊಟ್ಟಿ ಮುರಿದು ಹಂಚಿಕೊಂಡು ತಿಂದ. ಅದರ ನೆನಪಿಗೆ ನಮ್ಮ ಸಭೆ ಆಗಾಗ ಒಂದು ರೊಟ್ಟಿಯನ್ನೂ ಒಂದು ಬಟ್ಟಲ ದ್ರಾಕ್ಷಾರಸವನ್ನೂ ಹಂಚಿಕೊಳ್ಳುತ್ತದೆ. ಆ ರೊಟ್ಟಿ, ಇಂಥದೇ ಗೋದಿಯ ಡಬಲ್‌ರೊಟ್ಟಿ, ಬೆಳಗಾವಿಯಿಂದ ಬರುತ್ತಿತ್ತು. ಹಾಡಿನ ಪುಸ್ತಕಗಳೂ ಬೆಳಗಾವಿಯಿಂದ. ನಮ್ಮವರು ‘ದೊರೆ’ ಎನ್ನುತ್ತಿದ್ದ ಬಿಳಿಯ ದೊಡ್ಡ ಪಾದ್ರಿಯೂ ಬೆಳಗಾವಿಯಿಂದ. ದೇವರ ಮನೆಯೂ ಅಲ್ಲೇ ಎಲ್ಲೋ ಕೋಟೆಯ ಕೆರೆಯ ಹತ್ತಿರ ಇರಬೇಕೆಂದು ನನ್ನ ಎಣಿಕೆ. ಶನಿವಾರ ಸಂಜೆ ಗಾಡಿಯವನು ಪೊಟ್ಟಣ ಇಳಿಸಿ ಹೋಗುತ್ತಿದ್ದ. ದಾರಿಯ ಬಿಸಿಲಿಗೆ ರೊಟ್ಟಿ ಅರ್ಧ ಒಣಗಿರುತ್ತಿತ್ತು. ಅವ್ವ ಕೈಕಾಲು ತೊಳೆದು, ಮಣೆಯ ಮೇಲೆ ಅದನ್ನಿಟ್ಟು, ಬೇರೆ ಯಾವುದಕ್ಕೂ ಬಳಸದ ಚೂರಿಯಿಂದ ಸುತ್ತಲಿನ ಕಂದು ಸಿಪ್ಪೆ ಕೊಯ್ದು, ಒಳಗಿನ ಬಿಳಿಯನ್ನು ಸಣ್ಣ ಸಣ್ಣ ಚೌಕ ಮಾಡುತ್ತಿದ್ದಳು. ಸಿಪ್ಪೆ ನನ್ನ ಪಾಲು. ಭಾನುವಾರ ಬೆಳಿಗ್ಗೆ ಬೆಳ್ಳಿಯ ತಟ್ಟೆಯಲ್ಲಿ ಆ ಚೌಕಗಳು ಮೇಜಿನ ಮೇಲೆ ಕುಳಿತಿರುತ್ತಿದ್ದವು. ಅಪ್ಪ ಪುಸ್ತಕ ತೆರೆದು, ಕರ್ತನು ರೊಟ್ಟಿಯನ್ನು ಮುರಿದನು ಎಂದು ಓದುತ್ತಿದ್ದರು. ಮುರಿದದ್ದು ಪುಸ್ತಕದಲ್ಲಿ, ಕೊಯ್ದದ್ದು ನಮ್ಮ ಮನೆಯಲ್ಲಿ. ಈ ವ್ಯತ್ಯಾಸ ಯಾರ ಗಮನಕ್ಕೂ ಬಂದಿರಲಿಲ್ಲ.

ಸಭೆಯವರು ನೆಲದ ಮೇಲೆ ಚಾಪೆ ಹಾಸಿ ಕೂರುತ್ತಿದ್ದರು. ಮುಂದಿನ ಚಾಪೆಗಳಲ್ಲಿ ನೇಕಾರ ಮನೆಗಳಿಂದ ಬಂದ ಹಳೆಯ ಕ್ರೈಸ್ತರು. ಹಿಂದೆ, ಬಾಗಿಲ ಕಡೆ, ಕೆಳಗೇರಿಯಿಂದ ಹೊಸದಾಗಿ ಬಂದವರು. ಕೆಳಗೇರಿ ಎಂದರೆ ಊರಿನ ಸತ್ತ ದನ ಹೊತ್ತು ಚರ್ಮ ಹದ ಮಾಡುವವರ ಕೇರಿ. ಹೀಗೆ ಕೂರಿರೆಂದು ಯಾರೂ ಹೇಳಿರಲಿಲ್ಲ. ಈಗ ನನ್ನ ಮನೆಯ ಒಲೆಗಳನ್ನು ನೋಡಿದಾಗ ಅರ್ಥವಾಗುತ್ತದೆ: ಇಂಥವನ್ನು ಯಾರೂ ಹೇಳಬೇಕಾಗುವುದಿಲ್ಲ. ತಟ್ಟೆಯೂ ಬಟ್ಟಲೂ ಮುಂದಿನಿಂದ ಹಿಂದಕ್ಕೆ ಹೋಗುತ್ತಿದ್ದವು, ಹಿಂದಿನಿಂದ ಮುಂದಕ್ಕೆ ಎಂದೂ ಬರುತ್ತಿರಲಿಲ್ಲ.

ಮುಂದಿನ ಚಾಪೆಯ ಮೊದಲ ಜಾಗ ನನ್ನ ಸೋದರಮಾವನದು. ಅವರು ಸಭೆಯ ಹಿರಿಯರು. ಅವರನ್ನು ಕೆಟ್ಟವರೆಂದು ತಿಳಿಯಬೇಡಿ. ಹರೆಯದಲ್ಲಿ ಅವರೂ ಅವ್ವನೂ ದೀಕ್ಷಾಸ್ನಾನ ಪಡೆದಾಗ ಅಣ್ಣಂದಿರು ಮಗ್ಗವನ್ನು ಬೀದಿಗೆ ಎಳೆದು ಹಾಕಿದರಂತೆ. ಬಹಳ ವರ್ಷ ನೇಕಾರರ ಓಣಿಯ ಬಾವಿ ಅವರಿಗೆ ಮುಚ್ಚಿತ್ತು. ಅತ್ತೆ ಹಳ್ಳದಿಂದ ನೀರು ಹೊತ್ತು ಹೊತ್ತು ಬೆನ್ನು ಬಾಗಿಸಿಕೊಂಡಳು. ಕೊನೆಗೆ ಓಣಿಯವರು ಮೆತ್ತಗಾದರು. ಕೆಳಗೇರಿಯವರ ಕೂಡ ಉಣ್ಣುವುದು ತಿನ್ನುವುದು ಇರಬಾರದು ಎಂದು ಹೇಳಿ ಬಾವಿ ಬಿಟ್ಟುಕೊಟ್ಟರು. ಸಭೆಯಲ್ಲಿ ಎಲ್ಲರೂ ಬೆರೆತು ಕೂರಬೇಕೆಂದು ಅಪ್ಪ ಮಾತೆತ್ತಿದಾಗಲೆಲ್ಲ ಮಾವ ತಲೆ ತಗ್ಗಿಸಿ ಒಂದೇ ಮಾತು ಹೇಳುತ್ತಿದ್ದರು: “ಭಾವಾರ, ದೇವರನ್ನ ಬದಲ ಮಾಡಿ ತಡಕೊಂಡ್ವಿ. ಬಾವಿ ಬದಲ ಮಾಡಿ ತಡಕೊಳ್ಳೂ ಶಕ್ತಿ ಈಗ ಇಲ್ಲರಿ.”

ಅಪ್ಪ ಒಳ್ಳೆಯ ವಾಗ್ಮಿಯಲ್ಲ. ಅವ್ವನಿಗೂ ಅವರು ಹೆಚ್ಚು ಹೇಳುತ್ತಿರಲಿಲ್ಲ. ಕೆಳಗೇರಿಯ ಹೆಂಗಸರು ಮನೆಗೆ ಬಂದರೆ ಅವ್ವ ಅವರನ್ನು ಅಂಗಳದಲ್ಲಿ ಕೂರಿಸಿ, ಒಳ್ಳೆಯ ಮಾತನ್ನೇ ಆಡಿ, ಕೈಗೆ ಮೇಲಿಂದ ನೀರು ಹೊಯ್ದು ಕುಡಿಸುತ್ತಿದ್ದಳು. ಅವರು ಹೋದ ಮೇಲೆ ಅಂಗಳಕ್ಕೆ ನೀರು ಚಿಮುಕಿಸುತ್ತ “ಧೂಳ ಭಾಳ ಆಗೇತಿ” ಅನ್ನುತ್ತಿದ್ದಳು. “ಧೂಳ ಅವರು ಬರೂಕಿಂತ ಮೊದಲೂ ಇತ್ತಲ್ಲ” ಎಂದು ಅಪ್ಪ ಪುಸ್ತಕದಿಂದ ತಲೆಯೆತ್ತದೆ ಹೇಳಿದ್ದು ಒಮ್ಮೆ ಕೇಳಿದ್ದೇನೆ. ಅವ್ವ ಚಿಮುಕಿಸುವುದನ್ನು ಬಿಡಲಿಲ್ಲ. ಹೇಳುವುದನ್ನು ಮಾತ್ರ ಬಿಟ್ಟಳು.

ಯಲ್ಲವ್ವ ಬಂದದ್ದು ಈ ಸಭೆಗೆ. ಕೆಳಗೇರಿಯವಳು, ನಡುವಯಸ್ಸು ದಾಟಿದವಳು, ಗಂಡನನ್ನು ಕಳೆದುಕೊಂಡು ಹೊಲದ ಕೂಲಿಯಲ್ಲಿ ಬಾಳುತ್ತಿದ್ದವಳು. ಬಾಯಿ ಜೋರು. ಅವಳ ದೀಕ್ಷಾಸ್ನಾನಕ್ಕೆ ಬೆಳಗಾವಿಯ ದೊರೆಯೇ ಬಂದಿದ್ದರು. ಸವದತ್ತಿಯ ಗುಡ್ಡದ ದೇವಿಯ ಹೆಸರು ಬೇಡ, ಮಾರ್ಥಾ ಎಂದಿಡೋಣ ಎಂದು ಅವರ ಸಲಹೆ.

“ಮಾರ್ಥಾ ಅಂತ ಕರದ್ರ ನಾ ಓ ಅನ್ನಂಗಿಲ್ಲರಿ,” ಎಂದಳು ಯಲ್ಲವ್ವ. “ಯಾರನ್ನೋ ಕರ್ಯಾಕ ಹತ್ತ್ಯಾರಂತ ಸುಮ್ಮ ಕುಂತಿರತೇನಿ.”

ಅಪ್ಪ ನಕ್ಕು, ದೊರೆಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಏನು ಹೇಳಿದಿರಿ ಎಂದು ಆಮೇಲೆ ಅವ್ವ ಕೇಳಿದಾಗ, “ಯಲ್ಲವ್ವ ಅಂದ್ರ ಎಲ್ಲಾರಿಗೂ ಅವ್ವ. ಅದರಾಗ ಬ್ಯಾಡ ಅನ್ನೂದು ಏನೈತಿ ಅಂದೆ” ಎಂದರು. ಹೆಸರು ಹಾಗೆಯೇ ಉಳಿಯಿತು.

ಮೊದಲ ಸಲ ಕರ್ತನ ಭೋಜನ ತೆಗೆದುಕೊಳ್ಳುವವರನ್ನು ಅಪ್ಪ ಒಂದು ವಾರ ಮುಂಚೆ ಕೂರಿಸಿಕೊಂಡು ಅರ್ಥ ಹೇಳುತ್ತಿದ್ದರು. ಯಲ್ಲವ್ವನಿಗೂ ಹೇಳಿದರು. ನಾನು ಅಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದೆ. “ಬರೂ ಐತವಾರ ರೊಟ್ಟಿ ಮುರಿಯೂದೈತಿ, ಯಲ್ಲವ್ವಾ. ಎಲ್ಲಾರೂ ಕೂಡಿ ಒಂದ ರೊಟ್ಟಿ ತಿಂತೀವಿ. ನೀನೂ ಬಾ.” ಅವಳು ಬಹಳ ಗಂಭೀರವಾಗಿ ಕೇಳಿಕೊಂಡಳು. “ಮಂದಿ ಎಷ್ಟ ಆಕ್ಕಾರ್ರಿ?” ಎಂದೊಂದು ಪ್ರಶ್ನೆಯನ್ನೂ ಕೇಳಿದಳು. ಸಭೆಯ ಬಗ್ಗೆ ಅವಳಿಗೆ ಅಕ್ಕರೆ ಹುಟ್ಟಿದೆ ಎಂದು ಅಪ್ಪನಿಗೆ ಸಂತೋಷವಾಯಿತು.

ಭಾನುವಾರ ಬಂದಿತು. ಮೇಜಿನ ಮೇಲೆ ಬಿಳಿ ಬಟ್ಟೆ, ಬೆಳ್ಳಿಯ ತಟ್ಟೆಯಲ್ಲಿ ಅವ್ವ ಕೊಯ್ದಿಟ್ಟ ಚೌಕಗಳು. ಮೊದಲ ಹಾಡು ಮುಗಿಯುವ ಹೊತ್ತಿಗೆ ಯಲ್ಲವ್ವ ಬಾಗಿಲಲ್ಲಿ ಕಂಡಳು. ತಲೆಯ ಮೇಲೆ ಬುಟ್ಟಿ. ಹಿಂದಿನ ಚಾಪೆಯಲ್ಲಿ ಕೂರದೆ, ಎರಡು ಗುಂಪಿನ ನಡುವಿನಿಂದ ನೇರ ಮುಂದೆ ನಡೆದು ಬಂದು, ಬುಟ್ಟಿಯಿಂದ ತೊಳೆದ ಅರಿವೆಯ ದೊಡ್ಡ ಗಂಟೊಂದನ್ನು ತೆಗೆದು ಮೇಜಿನ ಮೇಲೆ, ತಟ್ಟೆಯ ಮಗ್ಗುಲಿಗೆ ಇಟ್ಟು ಬಿಚ್ಚಿದಳು. ಎಳ್ಳು ಹಚ್ಚಿ ಒಣಗಿಸಿದ ಜೋಳದ ಕಟಕ ರೊಟ್ಟಿಗಳು, ಒಂದರ ಮೇಲೊಂದು, ಇಡೀ ಸಭೆಗೆ ಸಾಲುವಷ್ಟು. ಪಕ್ಕದಲ್ಲಿ ಎಲೆಯ ಪೊಟ್ಟಣದಲ್ಲಿ ಶೇಂಗಾ ಚಟ್ನಿ.

ಮುಂದಿನ ಸಾಲಿನಲ್ಲಿ ಅತ್ತೆಯೇ ಮೊದಲು ನಕ್ಕಳು. “ಯಲ್ಲವ್ವನ ಗುಡ್ಡಕ್ಕ ಹೊಂಟಿದ್ದೇನವಾ, ಬುತ್ತಿ ಕಟಗೊಂಡು? ದಾರಿ ತಪ್ಪಿ ಇಲ್ಲಿ ಬಂದಿ ನೋಡು.”

ನಗು ಹಿಂದಿನ ಚಾಪೆಗಳಿಗೂ ಹರಡಿತು. ಯಲ್ಲವ್ವ ಅಪ್ಪನ ಮುಖ ನೋಡಿದಳು. “ರೊಟ್ಟಿ ಮುರಿಯೂದೈತಿ, ಕೂಡಿ ತಿನ್ನೂದೈತಿ ಅಂದ್ರೆಲ್ಲರಿ, ಪಾದ್ರಿಯಪ್ಪಾರ. ನಾ ಬರೇಗೈಲೇ ಹೆಂಗ ಬರಲಿ? ಹೊಸಾ ಬಿಳಿಜ್ವಾಳದ್ದರಿ. ನೀರೂ ಬ್ಯಾರೇ ತುಂಬಿ ತಂದು ಮಾಡೇನಿ.”

ಯಾರೋ ಮೆಲ್ಲಗೆ, ಇದು ಅದಲ್ಲ, ಇಲ್ಲಿಯ ರೊಟ್ಟಿ ಬೇರೆ, ಅದೋ ತಟ್ಟೆಯಲ್ಲಿದೆ ಎಂದು ತಿಳಿಸಿ ಹೇಳಿದರು. ಯಲ್ಲವ್ವ ಬೆಳ್ಳಿಯ ತಟ್ಟೆಯಲ್ಲಿ ಬಗ್ಗಿ ನೋಡಿದಳು. “ಇದು ರೊಟ್ಟಿ ಏನ್ರಿ?” ಎಂದು ಅವಳು ಕೇಳಿದ್ದರಲ್ಲಿ ಚೇಷ್ಟೆಯಿರಲಿಲ್ಲ. ಅವಳು ನಿಜವಾಗಿ ಅದನ್ನು ಎಂದೂ ಕಂಡಿರಲಿಲ್ಲ; ದೀಕ್ಷಾಸ್ನಾನ ಆಗದವರು ಭೋಜನಕ್ಕೆ ಮೊದಲೇ ಎದ್ದು ಹೋಗುತ್ತಿದ್ದರು. ಆಮೇಲೆ ಅವಳಿಗೆ ತಿಳಿಯಿತು. ತಾನು ನಿಂತ ಜಾಗ ತಿಳಿಯಿತು, ನಕ್ಕವರು ಯಾರೆಂದು ತಿಳಿಯಿತು. ಅರಿವೆಯ ನಾಲ್ಕು ಮೂಲೆಗಳನ್ನು ಕೂಡಿಸಿ ಗಂಟು ಹಾಕತೊಡಗಿದಳು.

ಅಪ್ಪ ಅವಳ ಕೈಯ ಕೆಳಗಿನಿಂದ ಒಂದು ರೊಟ್ಟಿ ತೆಗೆದುಕೊಂಡರು.

ಬೆಳ್ಳಿಯ ತಟ್ಟೆಯನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದರು. ಪುಸ್ತಕ ತೆರೆದು ಎಂದಿನ ಧ್ವನಿಯಲ್ಲಿ ಎಂದಿನ ಮಾತುಗಳನ್ನೇ ಓದಿದರು. ಮುರಿದನು ಎಂಬ ಮಾತು ಬಂದಾಗ ಎರಡೂ ಕೈಯಲ್ಲಿ ಆ ರೊಟ್ಟಿಯನ್ನು ಹಿಡಿದು ಮುರಿದರು. ಕಟಕ್ಕೆಂದು ಸಪ್ಪಳವಾಯಿತು. ಅಷ್ಟು ದೊಡ್ಡ ಮನೆಯಲ್ಲಿ ಆ ಸಪ್ಪಳ ಕೇಳದವರು ಯಾರೂ ಇರಲಿಲ್ಲ. ಆ ಮೇಜಿನ ಮುಂದೆ ನಾನು ಎಷ್ಟೋ ಸಲ ಕುಳಿತಿದ್ದೆ. ರೊಟ್ಟಿ ಮುರಿದದ್ದನ್ನು ಅಂದೇ ಮೊದಲು ಕೇಳಿದೆ.

ರೊಟ್ಟಿಯ ತುಂಡು ಹಿಡಿದು ಅಪ್ಪ ಮೊದಲು ಮಾವನ ಮುಂದೆ ಹೋಗಿ ನಿಂತರು. ಅದು ಪದ್ಧತಿ, ಹಿರಿಯರಿಗೆ ಮೊದಲು. ಮಾವ ಕೈ ಚಾಚಲಿಲ್ಲ. ಅಪ್ಪ ಮುಂದಕ್ಕೆ ಹೋಗಲಿಲ್ಲ, ಕೈ ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಿ ಎಂದು ಒತ್ತಾಯವನ್ನೂ ಮಾಡಲಿಲ್ಲ. ಸುಮ್ಮನೆ ನಿಂತರು. ಹೊರಗೆ ಹತ್ತಿಯ ಗಾಡಿಯೊಂದು ಹಾದು ಹೋಯಿತು. ಅದರ ಗಾಲಿಯ ಸಪ್ಪಳ ಪೂರ್ತಿ ಅಡಗುವ ತನಕ ನಿಂತಿದ್ದರು.

“ನನ್ನ ಕೈ ಏಳವಲ್ದರಿ ಭಾವಾರ,” ಎಂದರು ಮಾವ. ಅವರ ಕಣ್ಣಲ್ಲಿ ನೀರಿತ್ತು. ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ಅತ್ತೆ ಹಿಂದೆ ಹೋದಳು. ಒಂದೊಂದಾಗಿ ಮುಂದಿನ ಚಾಪೆಗಳು ಖಾಲಿಯಾದವು. ಉಳಿದದ್ದು ಹೆಣ್ಣುಮಕ್ಕಳ ಕಡೆಯ ಚಾಪೆಯಲ್ಲಿ ಅವ್ವ ಒಬ್ಬಳೇ, ಅವಳ ಮಗ್ಗುಲಿಗೆ ನಾನು.

ಹೋಗುವಾಗ ಅತ್ತೆ ಬಾಗಿಲಲ್ಲಿ ನಿಂತು ಅವ್ವನನ್ನು ನೋಡಿದ್ದಳು. ಅದರ ಅರ್ಥ ಚಿಕ್ಕವಳಾದ ನನಗೂ ಗೊತ್ತಾಯಿತು. ಈಗ ಎದ್ದು ಬಂದರೆ ತವರು ಇದೆ; ಕುಳಿತರೆ ಇಲ್ಲ. ಅಪ್ಪ ಈಗ ಅವ್ವನ ಮುಂದೆ ಬಂದು ನಿಂತಿದ್ದರು, ಹಾಗೆಯೇ ಕೈ ಚಾಚಿ. ಅವ್ವ ಅವರ ಮುಖ ನೋಡಲಿಲ್ಲ. ಮೇಜಿನ ಹತ್ತಿರ ಇನ್ನೂ ಗಂಟಿನ ಮೂಲೆ ಹಿಡಿದು ನಿಂತಿದ್ದ ಯಲ್ಲವ್ವನನ್ನು ನೋಡಿದಳು. ಅವ್ವನ ಒಂದು ಕೈ ನನ್ನ ಕೈ ಹಿಡಿದಿತ್ತು, ಬಿಗಿಯಾಗಿ. ಅದನ್ನು ಬಿಟ್ಟು, ಆ ಕೈಯನ್ನೇ ಚಾಚಿದಳು.

ರೊಟ್ಟಿ ಒಣಗಿತ್ತು. ಅವ್ವನಿಗೆ ಅದು ಇಳಿಯಲಿಲ್ಲ. ಕೆಮ್ಮು ಹತ್ತಿತು, ಕಣ್ಣು ಕೆಂಪಾದವು. ಆಗ ಯಲ್ಲವ್ವ, ಪ್ರಾರ್ಥನೆಯ ನಡುವೆ ಮಾತನಾಡಬಾರದೆಂಬುದನ್ನು ಮರೆತು, ಅಡಿಗೆ ಬಡಿಸಿದವಳ ಕಳವಳದಿಂದ ಹೇಳಿದಳು: “ಚಟ್ನಿ ಹಚಗೊಳ್ರಿ ಅವ್ವಾರ, ಒಣಾ ರೊಟ್ಟಿ ಇಳಿಯಂಗಿಲ್ಲ.”

ಹಿಂದಿನ ಚಾಪೆಯಲ್ಲಿ ಯಾರೋ ಕಿಸಕ್ಕೆಂದರು. ಅವ್ವನೂ ಕೆಮ್ಮುತ್ತಲೇ ನಕ್ಕುಬಿಟ್ಟಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಪ್ಪ ತುಟಿ ಕಚ್ಚಿಕೊಂಡು ಪುಸ್ತಕ ನೋಡಿದರು. ದೇವರ ಸನ್ನಿಧಿ ಎಂಬ ಮಾತನ್ನು ಯಾರಾದರೂ ಹೇಳಿದರೆ ನನಗೆ ಮೊದಲು ನೆನಪಾಗುವುದು ಆ ಕೆಮ್ಮು. ಬಟ್ಟಲು ಅಂದು ಅವ್ವನಿಂದ ಹಿಂದಕ್ಕೆ ಹೋಯಿತು, ಹಿಂದಿನಿಂದ ತಿರುಗಿ ಅಪ್ಪನ ಬಾಯಿಗೆ ಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮರುವಾರದಿಂದ ಮಾವನ ಮನೆಯ ಬಾಗಿಲು ನಮಗೆ ಮುಚ್ಚಿತು. ಅತ್ತೆ ಆ ರೊಟ್ಟಿಗೆ ‘ಮನಿಮುರಕ ರೊಟ್ಟಿ’ ಎಂದು ಹೆಸರಿಟ್ಟಳು. ಮಾತು ಓಣಿಯಿಂದ ಓಣಿಗೆ ನಡೆದು ಕೆಳಗೇರಿಯನ್ನು ಮುಟ್ಟಿತು. ಯಲ್ಲವ್ವ ನಮ್ಮ ಅಂಗಳಕ್ಕೆ ಬಂದು, ಕೂರದೆ ನಿಂತಳು.

“ಪಾದ್ರಿಯಪ್ಪಾರ, ನನ್ನ ರೊಟ್ಟಿ ನಿಮ್ಮ ಮನಿ ಮುರೀತಂತ.”

ಅಪ್ಪ ಹೇಳಿದರು: “ಮನಿ ಮೊದಲ ಮುರದಿತ್ತವಾ. ನಿನ್ನ ರೊಟ್ಟಿ ಸಪ್ಪಳ ಮಾಡ್ತು, ಅಷ್ಟ.”

ಅದು ಒಳ್ಳೆಯ ಉತ್ತರ. ಆದರೆ ಒಳ್ಳೆಯ ಉತ್ತರಗಳಿಂದ ಯಾರ ಮನಸ್ಸೂ ಹಗುರಾಗುವುದಿಲ್ಲ ಎಂಬುದನ್ನು ನಾನು ಅಂದು ಯಲ್ಲವ್ವನ ಮುಖದಲ್ಲಿ ಕಂಡೆ. ಅವಳು ಆಮೇಲೆಯೂ ಸಭೆಗೆ ಬಂದಳು. ಬಾಗಿಲ ಹತ್ತಿರ ಕುಳಿತಳು. ಮತ್ತೆ ಎಂದೂ ಏನನ್ನೂ ತರಲಿಲ್ಲ. ಅವ್ವ ಅವಳನ್ನು ಅಂಗಳದಲ್ಲಲ್ಲ, ಪಡಸಾಲೆಯಲ್ಲಿ ಕೂರಿಸತೊಡಗಿದಳು. ತಂಬಿಗೆಯನ್ನೇ ಕೈಗೆ ಕೊಡುತ್ತಿದ್ದಳು. ನೀರು ಚಿಮುಕಿಸುವುದು ನಿಂತಿತು. ಧೂಳು ಮಾತ್ರ ಬೈಲಹೊಂಗಲದಲ್ಲಿ ಇದ್ದಷ್ಟೇ ಇತ್ತು.

ದೊರೆಯಿಂದ ಕರೆ ಬಂತು. ಅಪ್ಪ ಬೆಳಗಾವಿಗೆ ಹೋಗಿ ಬಂದರು. ಮುಂದಿನ ಚಾಪೆಗಳ ವಿಷಯ ಮಾತಿಗೇ ಬರಲಿಲ್ಲವಂತೆ. ಮಾತು ನಡೆದದ್ದು ಗೋದಿಯ ಬಗ್ಗೆ. ಕರ್ತನ ಭೋಜನದಲ್ಲಿ ಗೋದಿಯ ರೊಟ್ಟಿಯೇ ಆಗಬೇಕು, ಜೋಳದ್ದು ನಿಯಮಕ್ಕೆ ಹೊರತು ಎಂದು ದೊರೆ ಬಹಳ ಸೌಮ್ಯವಾಗಿ ತಿಳಿಸಿದರಂತೆ. “ನೀವೇನಂದ್ರಿ?” ಎಂದು ಅವ್ವ ಕೇಳಿದಳು. “ಆ ದೇಶದಾಗ ಗೋದಿ ಬೆಳೀತಿತ್ತು, ಗೋದಿ ಮುರದ್ರು. ಇದು ಎರಿಭೂಮಿ, ಇಲ್ಲಿ ಜ್ವಾಳ ಬೆಳೀತದ ಅಂದೆ. ಅವರು ನನ್ನ ಇಂಗ್ಲಿಷ್ ಸುಧಾರಿಸೇತಿ ಅಂದ್ರು.” ಆ ವರ್ಷ ಸುಗ್ಗಿ ಮುಗಿಯುವ ಮೊದಲೇ ಅಪ್ಪನಿಗೆ ರಾಮದುರ್ಗಕ್ಕೆ ವರ್ಗವಾಯಿತು.

ಸಾಮಾನು ಹೇರಿದ ಚಕ್ಕಡಿಯ ಹತ್ತಿರ ಕೆಳಗೇರಿಯವರು ಬಂದು ನಿಂತಿದ್ದರು. ಮಾವ ಬರಲಿಲ್ಲ. ಅಪ್ಪ ಹಿಂದಿನ ದಿನ ಅವರ ಬಾಗಿಲಿಗೆ ಹೋಗಿ ನಿಂತು, ಒಳಗೆ ಮಗ್ಗದ ಸಪ್ಪಳ ನಿಲ್ಲದಿರಲು, ತಿರುಗಿ ಬಂದಿದ್ದರು. ಎತ್ತು ಹೂಡುವ ಹೊತ್ತಿಗೆ ಅವ್ವ ಕೆಳಗಿಳಿದು ಯಲ್ಲವ್ವನ ಹತ್ತಿರ ಹೋಗಿ, “ದಾರಿಗೆ ಬುತ್ತಿ ತರಲಿಲ್ಲೇನವಾ?” ಎಂದು ಕೇಳಿದಳು. ಯಲ್ಲವ್ವ ಬಾಯಿಗೆ ಸೆರಗು ಹಿಡಿದು ಅತ್ತಳು. ಬುತ್ತಿ ಅವಳ ಸೆರಗಿನ ಒಳಗೇ ಇತ್ತು, ಕೊಡುವ ಧೈರ್ಯವಿರಲಿಲ್ಲ. ಸವದತ್ತಿ ದಾಟಿ, ತೊರಗಲ್ಲ ಕೋಟೆ ಕಾಣುವ ತನಕ ನಾವು ಅದನ್ನೇ ತಿಂದೆವು.

ರಾಮದುರ್ಗದಲ್ಲಿ, ಊರಿಗೆ ಊರೇ ಜ್ವರದಲ್ಲಿ ಮಲಗಿದ ವರ್ಷ, ಅವ್ವ ತೀರಿಕೊಂಡಳು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಷ್ಟೇ. ನೆರೆಯವರು ತಂದು ಉಣಿಸಬೇಕು. ಅಲ್ಲಿಯ ಸಭೆ ಎಂದರೆ ಊರ ಹೊರಗಿನ ಕೇರಿಯೇ. ಅವರೇ ರೊಟ್ಟಿ ತಂದಿಟ್ಟಿದ್ದರು. ಮೂರನೆಯ ದಿನ ಮಧ್ಯಾಹ್ನ ಮಾವ ಬಂದರು. ಸುದ್ದಿ ಮುಟ್ಟಿದೊಡನೆ ಹೊರಟು, ಸಿಕ್ಕ ಗಾಡಿ ಹಿಡಿದು, ಉಳಿದದ್ದು ನಡೆದು ಬಂದಿದ್ದರು. ಆದರೂ ತಂಗಿಯ ಮುಖ ಸಿಗಲಿಲ್ಲ. ಮಣ್ಣಾಗಿತ್ತು. ಗೋಡೆಗೆ ಒರಗಿ ಕುಳಿತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಪ್ಪ ಎದ್ದು ಹೋಗಿ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ಮುರಿದು, ಅರ್ಧವನ್ನು ಮಾವನ ಮುಂದೆ ಹಿಡಿದರು. ಪ್ರಾರ್ಥನೆಯಿಲ್ಲ, ಪುಸ್ತಕವಿಲ್ಲ. ಎಲ್ಲಿಂದ ಬಂದ ರೊಟ್ಟಿ ಎಂಬುದು ಮಾವನಿಗೆ ಗೊತ್ತಿತ್ತು. ಕೇರಿಯವರು ಇನ್ನೂ ಅಂಗಳದಲ್ಲೇ ಕುಳಿತಿದ್ದರು.

ಅಪ್ಪ ಕೈ ಚಾಚಿ ನಿಂತರು. ಈ ಸಲವೂ ಒತ್ತಾಯ ಮಾಡಲಿಲ್ಲ.

ಮಾವ ತೆಗೆದುಕೊಂಡರು. ಒಂದು ತುತ್ತು ಬಾಯಿಗಿಟ್ಟು, ಅಗಿದು ಅಗಿದು, ಇಳಿಸಲಾರದೆ ಅಪ್ಪನನ್ನು ನೋಡಿ ಕೇಳಿದರು: “ಚಟ್ನಿ ಇಲ್ಲೇನ್ರಿ ಭಾವಾರ?”

ಅಂದಿನ ಕೆಮ್ಮಿನ ವಿಷಯ ಯಾರೋ ಅವರಿಗೆ ಹೇಳಿದ್ದಿರಬೇಕು. ಇಬ್ಬರು ಗಂಡಸರೂ ಒಬ್ಬರ ಹೆಗಲನ್ನೊಬ್ಬರು ಹಿಡಿದುಕೊಂಡು ಅತ್ತರು. ಮಾವ ಸಂಜೆಗೆ ಹೊರಟುಹೋದರು. ಊರಿಗೆ ಹೋಗಿ ಆ ರೊಟ್ಟಿಯ ಮಾತನ್ನು ಓಣಿಯಲ್ಲಿ ಹೇಳಿದರೋ ಇಲ್ಲವೋ, ಬಾವಿ ಉಳಿಯಿತೋ ಹೋಯಿತೋ, ನಾನು ಕೇಳಲಿಲ್ಲ. ಒಬ್ಬ ಮನುಷ್ಯ ಕೈ ಚಾಚಿದನೆಂದರೆ ಲೋಕ ಸರಿಯಾಯಿತು ಎಂದು ಅಪ್ಪನೂ ನಂಬಿದವರಲ್ಲ.

ಕಾಲೇಜಿಗೆ ಹೋದ ಮೇಲೆ ಒಮ್ಮೆ ರಜೆಯಲ್ಲಿ ಅವರನ್ನು ಕೇಳಿದೆ. ಆಗ ನನಗೆ ಹೊಸದಾಗಿ ನ್ಯಾಯ, ಸಮಾನತೆ ಎಂಬ ದೊಡ್ಡ ಮಾತುಗಳು ಕೈಗೆ ಸಿಕ್ಕಿದ್ದವು. ಹೊಸ ಬಳೆಗಳ ಹಾಗೆ ಎಲ್ಲೆಡೆ ಸಪ್ಪಳ ಮಾಡುತ್ತಿದ್ದೆ. ನೀವು ಅಂದು ಒಂದು ಸಾಮಾಜಿಕ ಅನ್ಯಾಯವನ್ನು ಎದುರಿಸಿದಿರಿ ಎಂದು ಹೊಗಳುವಂತೆ ಹೇಳಿದೆ. ಅಪ್ಪ ಛತ್ರಿಯ ಮುರಿದ ಕಡ್ಡಿಗೆ ದಾರ ಸುತ್ತುತ್ತ ಕುಳಿತಿದ್ದರು.

“ಅಷ್ಟು ದೊಡ್ಡ ವಿಚಾರ ಎಲ್ಲೀದು, ಮಗಳ? ಆಕಿ ಗಂಟು ಕಟ್ಟಾಕ ಹತ್ತಿದ್ಲು. ಆ ಗಂಟು ಬಿತ್ತಂದ್ರ ಮತ್ತ ಬಿಚ್ಚೂದಿಲ್ಲ ಅನಿಸ್ತು. ಕೈ ಹಾಕಿದೆ.” ದಾರವನ್ನು ಎಳೆದು ಬಿಗಿದು ಮತ್ತೆ ಹೇಳಿದರು: “ನಿಮ್ಮ ಮಾವನ್ನ ಎಬ್ಬಿಸಿ ಕಳಿಸಬೇಕಂತ ಅಲ್ಲ. ಅವಂಗ ಬಾವಿ ಇತ್ತು. ಬಾವಿ ಇದ್ದವರಿಗೆ ಹೆದರಿಕಿ ಇರತದ. ಅದಕ್ಕ ನಾ ನಿಂತೆ. ಕೈ ಹಿಂದ ತಗೊಂಡ್ರ ಅವಂಗ ಕೊಡಲಿಲ್ಲ ಅಂದಂಗ ಆಗತಿತ್ತು. ಮುಂದ ತುರುಕಿದ್ರ ಜುಲುಮಿ ಆಗತಿತ್ತು. ನಮ್ಮ ಕೆಲಸ ಅಷ್ಟ, ಚಾಚಿ ನಿಂದ್ರೂದು. ಭಾಳ ಬ್ಯಾಸರಿಕಿ ಕೆಲಸ. ಕೈ ನೋಯತದ.”

ಅಪ್ಪ ಈಗಿಲ್ಲ. ನಾನು ಬೆಳಗಾವಿಯ ದೊಡ್ಡ ಸಭೆಗೆ ಹೋಗುತ್ತೇನೆ. ಅಲ್ಲಿ ಬೆಂಚುಗಳಿವೆ, ಬಣ್ಣದ ಗಾಜುಗಳಿವೆ. ಬೆಳ್ಳಿಯ ತಟ್ಟೆಯಲ್ಲಿ ಕೊಯ್ದ ರೊಟ್ಟಿಯ ಚೌಕಗಳು ಸಪ್ಪಳವಿಲ್ಲದೆ ಬರುತ್ತವೆ, ಸಪ್ಪಳವಿಲ್ಲದೆ ಇಳಿಯುತ್ತವೆ. ನಾನು ತೆಗೆದುಕೊಳ್ಳುತ್ತೇನೆ. ಅದೂ ಕರ್ತನದೇ ರೊಟ್ಟಿ, ಅನುಮಾನವಿಲ್ಲ.

ಇಷ್ಟನ್ನೂ ನೆನೆಯುತ್ತ ಕುಳಿತವಳು ಡಬಲ್‌ರೊಟ್ಟಿಯನ್ನು ತಿರುಗಿ ಪತ್ರಿಕೆಯಲ್ಲಿ ಸುತ್ತಿಟ್ಟೆ. ಆಚೆ ಅಂಬಕ್ಕನವರು ಒಲೆ ಊದುತ್ತಿದ್ದರು. ಕೇಳಿದ್ದ ಪ್ರಶ್ನೆಯನ್ನು ಅವರು ಆಗಲೇ ಮರೆತಿರಬಹುದು. ಅಥವಾ ನನ್ನ ದಾಕ್ಷಿಣ್ಯಕ್ಕಾಗಿ ಮರೆತಂತೆ ಇದ್ದರೇನೋ. ನನ್ನ ಬುಟ್ಟಿಯಲ್ಲಿ ಮೊನ್ನೆ ಬೇಯಿಸಿ ಒಣಗಿಸಿದ ಜೋಳದ ರೊಟ್ಟಿಗಳಿದ್ದವು. ಒಂದನ್ನು ತೆಗೆದುಕೊಂಡು ಹೊಸ್ತಿಲ ತನಕ ಹೋಗಿ ನಿಂತೆ.

“ಅಂಬಕ್ಕಾರ, ಆಗ ನೀವು ಕೇಳಿದ್ರೆಲ್ಲರಿ, ಏನಂತ ಕೊಡತಾರ ಅಂತ.”

“ಹೌದ್ರಿ,” ಎಂದು ಅವರು ಊದುಗೊಳವೆ ಕೆಳಗಿಟ್ಟು ಎದ್ದು ಬಂದರು.

“ಹಿಂಗ ಕೊಡತಾರ್ರಿ,” ಎಂದು ರೊಟ್ಟಿಯನ್ನು ಮುರಿದೆ. ಸಪ್ಪಳವಾಯಿತು. ಅರ್ಧವನ್ನು ಹೊಸ್ತಿಲ ಮೇಲೆ ಅವರ ಕಡೆಗೆ ಹಿಡಿದೆ.

ಅವರು ರೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೂ ಒಂದು ತವರಿದೆ, ಅಲ್ಲೊಂದು ಬಾವಿಯಿದೆ. ಅದು ನನಗೆ ಗೊತ್ತು. ಅವರು ಕೈ ಚಾಚಲಿಲ್ಲ. ತಿರುಗಿ ಒಳಗೂ ಹೋಗಲಿಲ್ಲ. ಅವರ ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬಂತು; ಅದಕ್ಕೂ ತಿರುಗಲಿಲ್ಲ.

ಅಪ್ಪ ಹೇಳಿದ್ದು ನಿಜ. ಕೈ ನೋಯುತ್ತದೆ. ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.